ಲೈಟ್ ಹಾಕಿದ್ರೂ ಮುಂದೆ ಏನೂ ಕಾಣಲ್ಲ: ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಿಸ್ಲಾ?

ತೀರ್ಥಳ್ಳಿ ಪಯಣಿಗ · ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಚಿಕ್ಕ ಕಾರು, ಡಿಪ್ಪು (ಹತ್ತಿರದ ಬೆಳಕು) ಅಪ್ಪರ್ (ದೂರದ ಬೆಳಕು) ಎರಡೂ ಒಂದರಲ್ಲೇ ಇರೋ ಎಚ್4 ಹ್ಯಾಲೊಜೆನ್ ಬಲ್ಬು. ಯಾವ ಕಂಪನಿ ಅಂತ ಕೇಳ್ಬೇಡಿ, ಹೆಸರು ಬಂದ ತಕ್ಷಣ ಚರ್ಚೆ ಮೈಲೇಜಿನ ಕಡೆ ಓಡುತ್ತೆ. ಕೆಲಸ ಬೆಂಗಳೂರಲ್ಲಿ, ತಿಂಗಳಿಗೊಮ್ಮೆ ಊರು. ಶುಕ್ರವಾರ ಆಫೀಸು ಮುಗಿಸಿ ಹೊರಟ್ರೆ ಶಿವಮೊಗ್ಗ ದಾಟೋ ಹೊತ್ತಿಗೆ ನಡುರಾತ್ರಿ.

ಹೋದ ವಾರ ಮಂಡಗದ್ದೆ ಹತ್ರ ಜಿಟಿಜಿಟಿ ಮಳೆ. ಎದುರಿಂದ ಒಂದು ಜೀಪು ಬಂತು, ಬೆಳ್ಳಗೆ ಕಣ್ಣು ಕೋರೈಸೋ ಲೈಟು. ಅದು ದಾಟಿದ ಮೇಲೆ ಮೂರ್ನಾಲ್ಕು ಸೆಕೆಂಡು ನಾನು ಕುರುಡ. ಕಣ್ಣು ಬಿಟ್ಕೊಂಡಾಗ ಕಂಡಿದ್ದು ರಸ್ತೆ ಮಧ್ಯ ಮಲಗಿದ್ದ ಎಮ್ಮೆ. ನಿಂತಾಗ ಬಂಪರ್‌ಗೂ ಅದರ ಕೊಂಬಿಗೂ ಮಧ್ಯ ಒಂದು ಮಾರು ಜಾಗ. ಎಮ್ಮೆ ತಿರುಗಿಯೂ ನೋಡ್ಲಿಲ್ಲ. ಹೆಂಡತಿ ಮನೆ ಮುಟ್ಟೋವರೆಗೂ ಮಾತಾಡ್ಲಿಲ್ಲ.

ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯವನು "ಎಲ್‌ಇಡಿ ಹಾಕ್ಸಿ ಸರ್, ಇಪ್ಪತ್ತು ಸಾವಿರ ಲ್ಯುಮೆನ್ ಬೆಳಕು, ರಾತ್ರೀನ ಹಗಲು ಮಾಡಿಕೊಡ್ತೀನಿ" ಅಂದ. ಪಕ್ಕದವನು ಎಚ್‌ಐಡಿ (ಕ್ಸೆನಾನ್ ಅನಿಲದ ದೀಪ) ಅಂದ. ನಮ್ಮ ಮೆಕ್ಯಾನಿಕ್ಕು 100/90 ಬಲ್ಬು (ಅಪ್ಪರ್ 100, ಡಿಪ್ಪು 90 ವ್ಯಾಟ್) ಸಾಕು ಅಂತಾನೆ. ಭಾವ ಮಸೂರ ಇರೋ ಪ್ರೊಜೆಕ್ಟರ್ ಲೈಟು ಅಂತಾರೆ. ಯಾರ ಮಾತು ಕೇಳ್ಲಿ?

ಬೆಳ್ಳಿ ಬೆಳಕು · ರಾತ್ರಿ 9:58

ಎಲ್‌ಇಡಿ ಹಾಕ್ಸಿ, ಕಣ್ಣು ಮುಚ್ಚಿ. ಎರಡು ವರ್ಷ ಆಯ್ತು ನಾನು ಹಾಕ್ಸಿ, ಒಂದು ಕಂಪ್ಲೇಂಟ್ ಇಲ್ಲ. ಪಿನ್ ತೆಗೆದು ಪಿನ್ ಹಾಕಿದ್ರಾಯ್ತು, ವೈರ್ ಕಟ್ ಮಾಡೋದೂ ಬೇಡ.

ಮಂಡ್ಯದ ಗೌಡ · ರಾತ್ರಿ 10:04

ಕಣ್ಣು ಮುಚ್ಚಿ ಅಂತ ಸರ್ಯಾಗೇ ಯೋಳ್ದೆ ಕಣಣ್ಣ. ನೀನು ಎದ್ರುಗ್ ಬಂದ್ರೆ ನಾವು ಕಣ್ಣು ಮುಚ್ಕಂಡೇ ಓಡಿಸ್ಬೇಕು. ನಿಂಗೆ ಕಂಪ್ಲೇಂಟ್ ಇಲ್ದೆ ಇರ್ಬೋದು, ಎದುರ್ಗಡೆಯೋರ್ನ ಕೇಳಿದ್ದೀಯಾ?

ಬೆಳ್ಳಿ ಬೆಳಕು · ರಾತ್ರಿ 10:06

ನಾನು ಯಾವಾಗ್ಲೂ ಡಿಪ್ಪಲ್ಲೇ ಹೋಗೋದು ಸ್ವಾಮಿ.

ಗ್ಯಾರೇಜ್ ಗಿರಿ · ರಾತ್ರಿ 10:31

ಪಯಣಿಗ್ರೇ, ಒಂದು ರೂಪಾಯಿ ಖರ್ಚು ಮಾಡೋಕೆ ಮುಂಚೆ ನಾನು ಹೇಳೋದು ನೋಡಿ. 22 ವರ್ಷದಿಂದ ಇದೇ ಕೆಲಸ. "ಲೈಟು ಡಲ್" ಅಂತ ಬರೋ ಗಾಡಿಗಳಲ್ಲಿ ಹತ್ತಕ್ಕೆ ಏಳರಲ್ಲಿ ಬಲ್ಬಿನ ತಪ್ಪೇ ಇರಲ್ಲ.

ಮೊದಲು ಹೊರಗಿನ ಕವರ್ ನೋಡಿ. ಹತ್ತು ವರ್ಷದ ಗಾಡಿ ಅಂದ್ರೆ ಅದು ಹಳದಿ ತಿರುಗಿ ಮಬ್ಬಾಗಿರುತ್ತೆ. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಮೇಲಿನ ಕೋಟಿಂಗ್ ಬಿಸಿಲಿಗೆ ಸವೆದು ಹೋದ್ಮೇಲೆ ಅದು ಪೊರೆ ಬಂದ ಕಣ್ಣಿದ್ದಂಗೆ. ಒಳಗಿಂದ ಎಷ್ಟು ಬೆಳಕು ಬಿಟ್ರೂ ಚೆಲ್ಲಾಪಿಲ್ಲಿ. ಆಮೇಲೆ ಡೂಮಿನ (ಬಲ್ಬಿನ ಸುತ್ತ ಇರೋ ಬಟ್ಟಲಿನಂಥ ಕನ್ನಡಿ) ಒಳಗಡೆ ಬೆಳ್ಳಿ ಹೊಳಪು ಕಪ್ಪಾಗಿದೆಯಾ ನೋಡಿ. ಯಾರಾದ್ರೂ ಹಿಂದೆ 100/90 ಹಾಕಿ ಓಡಿಸಿದ್ರೆ ಸುಟ್ಟಿರುತ್ತೆ, ಅದಕ್ಕೆ ಡೂಮ್ ಬದಲಾಯಿಸೋದು ಬಿಟ್ರೆ ಬೇರೆ ದಾರಿ ಇಲ್ಲ.

ಮೂರನೇದು ಎಲ್ಲರೂ ಮರೆಯೋದು: ಬಲ್ಬಿನ ಹಿಂದೆ ಎಷ್ಟು ವೋಲ್ಟ್ ಬರ್ತಿದೆ? ಎಂಜಿನ್ ಆನ್ ಇಟ್ಟು, ಲೈಟ್ ಹಾಕಿ, ಉರೀತಿರೋ ಬಲ್ಬಿನ ಪಿನ್ನಿಗೆ ಮೀಟರ್ ಇಟ್ಟು ನೋಡಿ. ಬ್ಯಾಟರೀಲಿ 13.8 ಇದ್ದು ಬಲ್ಬಲ್ಲಿ 11.5 ಇದ್ರೆ ಅಲ್ಲೇ ಕಥೆ ಮುಗೀತು. ಹಳೇ ಚಿಕ್ಕ ಕಾರುಗಳಲ್ಲಿ ಹೆಡ್‌ಲೈಟ್ ಕರೆಂಟು ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಸುತ್ತಾಡಿ ಬರುತ್ತೆ. ಸಣ್ಣ ವೈರು, ತುಕ್ಕು ಹಿಡಿದ ಅರ್ಥಿಂಗು, ದಾರೀಲೇ ಅರ್ಧ ಸೋರಿ ಹೋಗುತ್ತೆ. ಒಂದು ರಿಲೇ ಕಿಟ್ (ಸಣ್ಣ ಕರೆಂಟಿಂದ ದೊಡ್ಡ ಕರೆಂಟು ಆನ್ ಮಾಡೋ ಸ್ವಿಚ್ಚು) ಹಾಕಿ ಬ್ಯಾಟರಿಯಿಂದ ನೇರ ಕೊಟ್ರೆ ಅದೇ ಬಲ್ಬು ಬೇರೆ ಬಲ್ಬಿನ ಥರ ಉರಿಯುತ್ತೆ.

ಇಷ್ಟು ನೋಡ್ಕೊಂಡು ಬನ್ನಿ, ಆಮೇಲೆ ಎಲ್‌ಇಡಿ ಮಾತು.

ಮೇಷ್ಟ್ರು ಕಂ ಚಾಲಕ · ರಾತ್ರಿ 10:55

ಗಿರಿಯವರ ವೋಲ್ಟ್ ಮಾತಿಗೆ ಲೆಕ್ಕ ಕೊಡ್ತೀನಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಲ್ಲಿ ಏರಿಳಿಯುತ್ತೆ. ಅಂದ್ರೆ ವೋಲ್ಟು ಶೇ. 10 ಇಳಿದ್ರೆ ಬೆಳಕು ಶೇ. 30 ಇಳಿಯುತ್ತೆ. ಬಲ್ಬಿನ ಲ್ಯುಮೆನ್ ಅಳೆಯೋದು 13.2 ವೋಲ್ಟಲ್ಲಿ. 11.5 ಬಂದ್ರೆ ನಿಮ್ಮ ಕೈಗೆ ಸಿಗೋದು ಶೇ. 60ರ ಆಸುಪಾಸು.

ಉಲ್ಟಾ ಕೂಡ ನಿಜ. ವೋಲ್ಟ್ ಏರಿಸಿದ್ರೆ ಬೆಳಕು ಹೆಚ್ಚುತ್ತೆ, ಆದ್ರೆ ಬಲ್ಬಿನ ಆಯುಸ್ಸು ಅದಕ್ಕಿಂತ ಎಷ್ಟೋ ಪಟ್ಟು ಬೇಗ ಕುಸಿಯುತ್ತೆ. ಆ "ಶೇ. 100 ಹೆಚ್ಚು ಬೆಳಕು" ಅಂತ ಮಾರೋ ದುಬಾರಿ ಹ್ಯಾಲೊಜೆನ್‌ಗಳೂ ಹಾಗೇ. ತಂತಿಯನ್ನ ಹೆಚ್ಚು ಬಿಸಿ ಮಾಡಿ, ಚಿಕ್ಕದು ಮಾಡಿ, ಬೆಳಕು ದೂರ ಎಸೆಯುತ್ತವೆ, ಬೇಗ ಸಾಯುತ್ತವೆ.

ಬೆಳ್ಳಿ ಬೆಳಕು · ರಾತ್ರಿ 11:02

ಇಷ್ಟೆಲ್ಲ ರಗಳೆ ಯಾಕೆ? ಎಲ್‌ಇಡಿಗೆ ವೋಲ್ಟ್ ಕಮ್ಮಿ ಆದ್ರೂ ಬೆಳಕು ಕಮ್ಮಿ ಆಗಲ್ಲ, ಒಳಗೆ ಡ್ರೈವರ್ ಸರ್ಕೀಟ್ ಇರುತ್ತೆ. ಇಪ್ಪತ್ತೈದು ವ್ಯಾಟಲ್ಲಿ ಕೆಲಸ ಮುಗೀತು. ಕಾಲ ಬದಲಾಗಿದೆ ಮೇಷ್ಟ್ರೇ.

ಮೇಷ್ಟ್ರು ಕಂ ಚಾಲಕ · ರಾತ್ರಿ 11:29

ವೋಲ್ಟಿನ ಮಾತು ಒಪ್ಪಿದೆ. ಆದ್ರೆ ನೀವು ಬಲ್ಬು ಬದಲಾಯಿಸಿದ್ರಿ, ಡೂಮು ಅದೇ ಇದೆಯಲ್ಲ. ತೊಂದರೆ ಅಲ್ಲಿದೆ.

ಎಚ್4 ಬಲ್ಬನ್ನ ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿ. ಡಿಪ್ಪಿನ ತಂತಿ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತೆ, ಅರ್ಧ ಒಡೆದ ಹುರುಳಿಕಾಳಿನ ಸಿಪ್ಪೆ ಥರ. ಅದು ಕೆಳಗಡೆ ಹೋಗೋ ಬೆಳಕನ್ನ ತಡೆಯುತ್ತೆ. ಹಾಗಾಗಿ ಡಿಪ್ಪಲ್ಲಿ ಡೂಮಿನ ಮೇಲಿನ ಅರ್ಧ ಮಾತ್ರ ಕೆಲಸ ಮಾಡುತ್ತೆ, ಬೆಳಕು ಕೆಳಕ್ಕೆ ಬಾಗಿ ರಸ್ತೆಗೆ ಬೀಳುತ್ತೆ. ಗೋಡೆ ಮೇಲೆ ಬಿಟ್ರೆ ಕತ್ತರಿಸಿದ ಹಾಗೆ ಒಂದು ಗೆರೆ, ಎಡಕ್ಕೆ ಮಾತ್ರ ಸ್ವಲ್ಪ ಮೇಲೆದ್ದಿರುತ್ತೆ. ನಮ್ಮದು ಎಡಬದಿ ಸಂಚಾರ. ಎಡ ಅಂಚಿನ ಜನ, ಬೋರ್ಡು ಕಾಣ್ಲಿ, ಬಲಗಡೆಯಿಂದ ಬರೋನ ಕಣ್ಣಿಗೆ ಬೀಳದೆ ಇರ್ಲಿ ಅಂತ ಆ ಲೆಕ್ಕ.

ಆ ತಂತಿ ಇರಬೇಕಾದ ಜಾಗ ಒಂದು ಮಿಲಿಮೀಟರ್ ಆಚೀಚೆ ಆದ್ರೂ ಗೆರೆ ಕೆಡುತ್ತೆ. ಎಲ್‌ಇಡಿ ಬಲ್ಬಲ್ಲಿ ತಂತಿ ಇಲ್ಲ, ಒಂದು ಹಲಗೆಯ ಎರಡು ಕಡೆ ಅಂಟಿಸಿದ, ಬೆಳಕು ಕೊಡೋ ಚಪ್ಪಟೆ ಎಲೆಕ್ಟ್ರಾನಿಕ್ ಚಿಪ್ಪು. ತಂತಿ ಸುತ್ತಲೂ ಬೆಳಕು ಚೆಲ್ಲುತ್ತೆ, ಇದು ಎಡಕ್ಕೆ ಬಲಕ್ಕೆ ಮಾತ್ರ. ಡೂಮಿಗೆ ಏನು ಮಾಡ್ಬೇಕು ಗೊತ್ತಾಗಲ್ಲ. ಸಿಕ್ಕ ಕಡೆ ಎರಚುತ್ತೆ.

ಮಂಡ್ಯದ ಗೌಡ · ರಾತ್ರಿ 11:33

ಡೂಮಿಗೆ ಏನ್ ಮಾಡ್ಬೇಕು ಗೊತ್ತಾಗಲ್ಲ ಅಂದ್ರಲ್ಲ, ಸೂಪರ್ ಸಾರ್ 😂

ಬೆಳ್ಳಿ ಬೆಳಕು · ರಾತ್ರಿ 11:36

ಆದ್ರೆ ನನಗೆ ಚೆನ್ನಾಗಿ ಕಾಣ್ತಿದೆಯಲ್ಲ, ಅದಕ್ಕೇನಂತೀರಾ? ಮುಂದೆ ಫುಲ್ ಬೆಳ್ಳಗೆ.

ಮೇಷ್ಟ್ರು ಕಂ ಚಾಲಕ · ರಾತ್ರಿ 11:44

ಎಷ್ಟು ಮುಂದೆ? ಹತ್ತು ಹದಿನೈದು ಮೀಟರ್. ಬಾನೆಟ್ ಮುಂದಿನ ರಸ್ತೆ ಬೆಳ್ಳಗಾದ್ರೆ ಮನಸ್ಸಿಗೆ ಧೈರ್ಯ ಬರುತ್ತೆ. ಆದ್ರೆ ಕಣ್ಣಿನ ಪಾಪೆ ಆ ಬೆಳಕಿಗೆ ಕುಗ್ಗುತ್ತೆ, ದೂರದ ಕತ್ತಲಲ್ಲಿರೋ ಎಮ್ಮೆ ಇನ್ನೂ ಕಾಣದಂಗಾಗುತ್ತೆ. ಬೇಕಿರೋದು ಕಾಲಡಿ ಬೆಳಕಲ್ಲ.

ಇನ್ನು ಇಪ್ಪತ್ತು ಸಾವಿರ ಲ್ಯುಮೆನ್. ಎಚ್4 ಡಿಪ್ಪು 1000, ಅಪ್ಪರ್ 1650 ಲ್ಯುಮೆನ್. ಕಂಪನಿಯಿಂದಲೇ ಬರೋ 35 ವ್ಯಾಟಿನ ಕ್ಸೆನಾನ್ ಡಿ2ಎಸ್ ಸುಮಾರು 3200. ಇಪ್ಪತ್ತೈದು ವ್ಯಾಟಿನ ಚಿಪ್ಪು ಇಪ್ಪತ್ತು ಸಾವಿರ ಕೊಡುತ್ತೆ ಅನ್ನೋದು ಡಬ್ಬದ ಮೇಲೆ ಬರೆಯೋಕೆ ಮಾತ್ರ ಸಾಧ್ಯ.

ಕುಡ್ಲ ಎಕ್ಸ್‌ಪ್ರೆಸ್ · ಸೋಮವಾರ ಬೆಳಗ್ಗೆ 7:15

ಮಾರಾಯ್ರೆ, ಶಿರಾಡಿಯಲ್ಲಿ ಒಮ್ಮೆ ರಾತ್ರಿ ಮಳೆಗೆ ಬಿಳಿ ಲೈಟಿನ ಗಾಡಿ ಓಡಿಸಿ ನೋಡಿ, ಆಮೇಲೆ ಮಾತಾಡುವ. ನನ್ನ ತಮ್ಮ ಅವನ ಗಾಡಿಗೆ 6000 ಕೆಲ್ವಿನ್‌ನ ಬಿಳಿ ಲೈಟು ಹಾಕಿಸಿದ್ದ. ಒಣ ರಸ್ತೆಯಲ್ಲಿ ಎಂತ ಚಂದ. ಮಳೆ ಬಂತು ಅಂದ್ರೆ ಡಾಂಬರು ಎಲ್ಲ ನುಂಗಿ ಬಿಡ್ತದೆ, ಲೈಟು ಉಂಟೋ ಇಲ್ವೋ ಗೊತ್ತಾಗುದಿಲ್ಲ. ಚಾರ್ಮಾಡಿಯ ಮಂಜಿನಲ್ಲಂತೂ ಎದುರಿಗೆ ಬಿಳಿ ಪರದೆ. ಕಡೆಗೆ ಪಾರ್ಕಿಂಗ್ ಲೈಟು, ಕೆಳಗಿನ ಫಾಗ್ ಲ್ಯಾಂಪು ಮಾತ್ರ ಹಾಕಿ ಇಳಿದದ್ದು. ಹಳದಿ ಬೆಳಕು ಮಂಜನ್ನು ಸೀಳ್ತದೆ, ಅದಕ್ಕೇ ಹಿಂದಿನವರು ಹಳದಿ ಗ್ಲಾಸು ಹಾಕ್ತಾ ಇದ್ದದ್ದು.

ಮೇಷ್ಟ್ರು ಕಂ ಚಾಲಕ · ಬೆಳಗ್ಗೆ 8:02

ಅನುಭವ ನಿಜ, ಕಾರಣ ಮಾತ್ರ ಬೇರೆ. ಆಕಾಶ ನೀಲಿಯಾಗಿ ಕಾಣೋ ನಿಯಮವನ್ನ (ನೀಲಿ ಬೆಳಕೇ ಹೆಚ್ಚು ಚೆದುರುತ್ತೆ ಅನ್ನೋದು) ಜನ ಮಂಜಿಗೂ ಹಚ್ತಾರೆ. ಅದು ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳಿಗೆ ಮಾತ್ರ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಹಳದಿ ನೀಲಿ ಎರಡನ್ನೂ ಹೆಚ್ಚುಕಮ್ಮಿ ಒಂದೇ ಥರ ಚೆದುರಿಸುತ್ತೆ. ಫಾಗ್ ಲ್ಯಾಂಪ್ ಕೆಲಸ ಮಾಡೋದು ಅದು ಕೆಳಗಿರೋದ್ರಿಂದ, ಬೆಳಕು ಅಗಲವಾಗಿ ಚಪ್ಪಟೆಯಾಗಿ ನೆಲಕ್ಕಂಟಿ ಹೋಗೋದ್ರಿಂದ. ಬಿಳಿ ಫಾಗ್ ಲ್ಯಾಂಪೂ ಸರಿಯಾಗಿ ಕೂರಿಸಿದ್ರೆ ನಡೆಯುತ್ತೆ. ನೀಲಿ ಅಂಶ ಕಮ್ಮಿ ಇದ್ರೆ ಕಣ್ಣಿಗೆ ಹಿತ ಅನ್ನೋದು ಸರಿ. ಫ್ರಾನ್ಸಲ್ಲಿ 1993ರವರೆಗೂ ಎಲ್ಲ ಕಾರಿಗೂ ಹಳದಿ ಹೆಡ್‌ಲೈಟೇ ಇತ್ತು.

ಕುಡ್ಲ ಎಕ್ಸ್‌ಪ್ರೆಸ್ · ಬೆಳಗ್ಗೆ 8:10

ನೀವು ಚಾರ್ಮಾಡಿಗೆ ಬನ್ನಿ ಮೇಷ್ಟ್ರೇ, ಹನಿಯ ಗಾತ್ರ ಅಲ್ಲೇ ಅಳೆಯುವ.

ಹುಬ್ಬಳ್ಳಿ ಹೈವೇ · ಬೆಳಗ್ಗೆ 9:40

ಎಲ್ಲಾ ಖರೆ ಐತ್ರಿ. ಆದ್ರ ನಮ್ಮ ಕಡೆ ಬಂದು ನೋಡ್ರಿ, ಕಬ್ಬಿನ ಸೀಜನ್ದಾಗ. ಟ್ರ್ಯಾಕ್ಟರಿಗೆ ಎರಡ ಟ್ರೇಲರ್, ಮ್ಯಾಲೆ ಗುಡ್ಡದಂಗ ಕಬ್ಬು, ಹಿಂದ ಒಂದು ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಬಂದ್ ಬಿದ್ರ ರಸ್ತಿ ಮ್ಯಾಲೇ ನಿಲ್ಲಿಸಿ ಹಿಂದ ನಾಕ ಕಲ್ಲ ಇಟ್ಟು ಮನಿಗೆ ಹೋಗಿ ಬಿಡ್ತಾರ. ನಮ್ಮ ಕಾಕಾ ಹಂಗ ಒಂದಕ್ಕ ಹಿಂದಿನಿಂದ ಹೋಗಿ ಹೊಡದಾ. ದೇವರ ದಯಾ, ಕಾಲ ಮುರದದ್ದಷ್ಟ. ಅವನ ಕಾರಿನ ಲೈಟು ಭಾರಿ ಚೊಲೋ ಇದ್ದೂ ರೀ. ಎದುರಿನಾಂವ ಅಪ್ಪರ್ ಹಾಕ್ಕೊಂಡ ಬಂದಾಗ ನಮ್ಮ ಲೈಟ ಎಷ್ಟ ಚೊಲೋ ಇದ್ರೇನ್ರಿ?

ಮಂಡ್ಯದ ಗೌಡ · ಬೆಳಗ್ಗೆ 9:52

ನಮ್ ಕಡೆನೂ ಇದೇ ಗೋಳು. ಆಲೆಮನೆ ಟ್ರ್ಯಾಕ್ಟ್ರು, ಕಾರ್ಖಾನೆ ಟ್ರ್ಯಾಕ್ಟ್ರು, ಎರಡ್ಕೂ ಹಿಂದೆ ಕತ್ಲೆ. ನಂದೇ ಒಂದೈತೆ ಅನ್ಕೊಳಿ, ಈ ಸಲ ಎರಡು ರೇಡಿಯಂ ಪಟ್ಟಿ ಅಂಟುಸ್ದೆ.

ಲೆಕ್ಕದ ಲಲಿತಾ · ಬೆಳಗ್ಗೆ 11:20

ಯಾರೂ ವೇಗದ ಮಾತೇ ಎತ್ತಿಲ್ಲ! ನಾನೊಂದು ಲೆಕ್ಕ ಹಾಕಿದೆ. ಹೆಡ್‌ಲೈಟು ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ, ಡಿಪ್ಪಿನ ಗೆರೆ ಶೇ. 1 ಕೆಳಕ್ಕೆ ಬಾಗಿದೆ ಅಂತಿಟ್ಕೊಳ್ಳಿ. ಹತ್ತು ಮೀಟರಿಗೆ ಹತ್ತು ಸೆಂ.ಮೀ. ಇಳಿಯುತ್ತೆ. ಅಂದ್ರೆ 65 ಮೀಟರಿಗೆ ಆ ಗೆರೆ ನೆಲ ಮುಟ್ಟುತ್ತೆ. ಅದರಾಚೆ ಡಿಪ್ಪಲ್ಲಿ ರಸ್ತೆ ಕಾಣಲ್ಲ, ಹ್ಯಾಲೊಜೆನ್ ಇರಲಿ, ಎಲ್‌ಇಡಿ ಇರಲಿ.

ಈಗ 80 ಕಿ.ಮೀ. ವೇಗ, ಸೆಕೆಂಡಿಗೆ 22 ಮೀಟರ್. ನೋಡಿ ಬ್ರೇಕ್ ತುಳಿಯೋಕೆ ಒಂದೂವರೆ ಸೆಕೆಂಡು, 33 ಮೀಟರ್ ಹೋಯ್ತು. ಒಣ ರಸ್ತೇಲಿ ಗಟ್ಟಿ ಬ್ರೇಕಿಗೆ ಇನ್ನೊಂದು 35 ಮೀಟರ್. ಒಟ್ಟು 68. ಎಮ್ಮೆಗೆ ಮೂರು ಮೀಟರ್ ಸಾಲದು. ನೂರರಲ್ಲಿ ಹೋದ್ರೆ ಹೆಚ್ಚುಕಮ್ಮಿ 97 ಮೀಟರ್ ಬೇಕು. ಮಳೇಲಿ ಇನ್ನೂ ಜಾಸ್ತಿ.

ಪಯಣಿಗ್ರೇ, ಅವತ್ತು ಎಷ್ಟರಲ್ಲಿ ಹೋಗ್ತಿದ್ರಿ? ನಿಜ ಹೇಳಿ 🙂

ತೀರ್ಥಳ್ಳಿ ಪಯಣಿಗ · ಮಧ್ಯಾಹ್ನ 1:05

ಅರವತ್ತು... ಅರವತ್ತೈದು ಇರ್ಬಹುದು. (ಹೆಂಡತಿ ಎಪ್ಪತ್ತೈದು ಅಂತಿದ್ದಾಳೆ.)

ಕ್ಸೆನಾನ್ ಕಿಟ್ಟಿ · ಮಧ್ಯಾಹ್ನ 2:30

ಎಚ್‌ಐಡಿ ಬಗ್ಗೆ ಯಾರೂ ಮಾತಾಡ್ತಿಲ್ಲ, ಆದ್ರಿಂದ ನನ್ನ ತಪ್ಪೊಪ್ಪಿಗೆ. 2011ರಲ್ಲಿ ನನ್ನ ಕಾರಿಗೆ ಹಾಕಿಸಿದ್ದೆ, 8000 ಕೆಲ್ವಿನ್, ನೇರಳೆ ಬಣ್ಣ. ಕಾಲೇಜಿನ ವಯಸ್ಸು, ಕ್ಷಮಿಸಿ. ಎಚ್‌ಐಡಿಯಲ್ಲಿ ತಂತಿ ಇರಲ್ಲ, ಗಾಜಿನ ಗುಳ್ಳೆಯೊಳಗೆ ಅನಿಲ. ಹೊತ್ತಿಸೋಕೆ ಇಪ್ಪತ್ತು ಸಾವಿರ ವೋಲ್ಟಿಗಿಂತ ಹೆಚ್ಚಿನ ಕಿಡಿ ಬೇಕು, ಅದಕ್ಕೇ ಬ್ಯಾಲಾಸ್ಟ್ ಡಬ್ಬಿ. ಹೊತ್ತಿದ ಮೇಲೆ ಪೂರ್ತಿ ಬೆಳಗೋಕೆ ಕೆಲವು ಸೆಕೆಂಡು. ಎಚ್4ಗೆ ಬರೋ ಕಿಟ್ಟಲ್ಲಿ ಡಿಪ್ಪು ಅಪ್ಪರ್ ಮಾಡೋಕೆ ಬಲ್ಬನ್ನೇ ಒಂದು ಕಾಂತ ಹಿಂದೆ ಮುಂದೆ ಎಳೆಯುತ್ತೆ, ಟಕ್ ಟಕ್ ಸದ್ದು. ಒಂದಿನ ನನ್ನದು ಅಪ್ಪರಲ್ಲೇ ಸಿಕ್ಕಿಹಾಕಿಕೊಳ್ತು. ತುಮಕೂರಿನಿಂದ ಬೆಂಗಳೂರಿನವರೆಗೆ ಪ್ರತಿಯೊಬ್ಬ ಲಾರಿ ಡ್ರೈವರೂ ನನ್ನ ತಾಯಿಯನ್ನ ನೆನೆಸ್ಕೊಂಡ್ರು.

ಕೆಲ್ವಿನ್ ಅಂದ್ರೆ ಬೆಳಕಿನ ಪ್ರಮಾಣ ಅಂತ ನಾನು ಅಂದ್ಕೊಂಡಿದ್ದೆ. ಅದು ಬಣ್ಣ ಅಷ್ಟೇ. ಹ್ಯಾಲೊಜೆನ್ 3200ರ ಸುತ್ತ, ಕಂಪನಿ ಕ್ಸೆನಾನ್ 4300. ಅದಕ್ಕಿಂತ ಮೇಲೆ ಹೋದ ಹಾಗೆ ನೀಲಿ ಹೆಚ್ಚು, ಉಪಯೋಗ ಕಮ್ಮಿ.

ಸ್ಟುಟ್‌ಗಾರ್ಟ್ ಸಿದ್ದ · ಸಂಜೆ 4:18

ಜರ್ಮನಿಯಿಂದ ನಮಸ್ಕಾರ. ಕಂಪನಿ ಕ್ಸೆನಾನ್ ಕಾರಿಗೂ ಕಿಟ್ ಹಾಕಿದ ಕಾರಿಗೂ ವ್ಯತ್ಯಾಸ ಇಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಕ್ಸೆನಾನ್ ಮೊದಲು ಬಂದಿದ್ದೇ 1991ರಲ್ಲಿ, ಬಿಎಂಡಬ್ಲ್ಯು 7 ಸರಣಿಗೆ. ಯುರೋಪಿನ ನಿಯಮದ ಪ್ರಕಾರ 2000 ಲ್ಯುಮೆನ್ ಮೀರಿದ ಡಿಪ್ಪು ಇದ್ರೆ ಗಾಡಿ ತಾನೇ ಲೈಟಿನ ಮಟ್ಟ ಸರಿಮಾಡ್ಕೊಳ್ಳೋ ವ್ಯವಸ್ಥೆ ಇರಬೇಕು, ಲೈಟಿನ ಗಾಜು ತೊಳೆಯೋ ಪಿಚಕಾರಿಯೂ ಇರಬೇಕು. ಡಿಕ್ಕಿಗೆ ನಾಲ್ಕು ಚೀಲ ಅಕ್ಕಿ ಹಾಕಿದ್ರೆ ಮೂತಿ ಮೇಲೇಳುತ್ತೆ, ಬೆಳಕು ಎದುರಿನವನ ಕಣ್ಣಿಗೆ ಹೋಗುತ್ತೆ, ಅದಕ್ಕೆ.

ಹ್ಯಾಲೊಜೆನ್ ಡೂಮಿಗೆ ಎಲ್‌ಇಡಿ ಬಲ್ಬು ಹಾಕೋದು ಇಲ್ಲಿ 2020ರವರೆಗೂ ಪೂರ್ತಿ ಕಾನೂನುಬಾಹಿರ. ಆ ವರ್ಷ ಓಸ್ರಾಮ್‌ನ ಒಂದು ಬಲ್ಬಿಗೆ ಮೊದಲ ಅನುಮತಿ ಸಿಕ್ತು, ಅದೂ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಕಾರು ಮಾಡೆಲ್‌ಗಳಿಗೆ ಮಾತ್ರ. ಅಂದ್ರೆ ಎಲ್‌ಇಡಿ ಬಲ್ಬಿಂದ ಸರಿಯಾದ ಗೆರೆ ಬರೋದೇ ಇಲ್ಲ ಅಂತಲ್ಲ ಮೇಷ್ಟ್ರೇ, ಬಲ್ಬು ಮತ್ತು ಡೂಮಿನ ಜೋಡಿ ಹೊಂದಬೇಕು. ಹೊಂದಿದೆಯಾ ಅಂತ ಅಳೆದು ನೋಡಿರಬೇಕು.

ಈಗಿನ ಮ್ಯಾಟ್ರಿಕ್ಸ್ ಎಲ್‌ಇಡಿ ನೋಡಿದ್ರೆ ಮಜಾ. ಔಡಿ ಎ8ಗೆ 2013ರಲ್ಲಿ ಬಂತು. ಕ್ಯಾಮೆರಾ ಎದುರಿನ ಗಾಡಿ ಗುರುತಿಸಿ ಆ ಜಾಗಕ್ಕೆ ಹೋಗೋ ಚಿಪ್ಪುಗಳನ್ನ ಮಾತ್ರ ಆರಿಸುತ್ತೆ. ಅಪ್ಪರಲ್ಲೇ ಹೋಗ್ತಿದ್ರೂ ಎದುರಿನವನ ಸುತ್ತ ಕತ್ತಲ ಕಿಟಕಿ.

ಹುಬ್ಬಳ್ಳಿ ಹೈವೇ · ಸಂಜೆ 4:25

ನಮ್ಮ ಚಕ್ಕಡಿಗೆ ದೀಪಾನ ಇರೂದಿಲ್ಲ, ನಿಮ್ಮ ಕ್ಯಾಮೆರಾ ಎತ್ತಿನ ಕಣ್ಣ ನೋಡಿ ಆರಸತೈತೇನ್ರಿ ಸಿದ್ದಣ್ಣಾ?

ಮೇಷ್ಟ್ರು ಕಂ ಚಾಲಕ · ಸಂಜೆ 4:50

ಸಿದ್ದ, ತಿದ್ದಿದ್ದು ಸರಿ. ನಾನು ನಮ್ಮ ಮಾರ್ಕೆಟ್ಟಿನ ಬಲ್ಬುಗಳ ಲೆಕ್ಕದಲ್ಲಿ ಸಾರಾಸಗಟಾಗಿ ಹೇಳ್ಬಿಟ್ಟೆ.

ಲಾರಿ ಮಗಳು · ಸಂಜೆ 6:33

ನಮ್ಮಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರ ಕಾಲದಲ್ಲಿ ಹೆಡ್‌ಲೈಟಿನ ನಡುವೆ ಕಪ್ಪು ಬೊಟ್ಟು ಇಡ್ತಿದ್ರು, ಇಲ್ಲಾಂದ್ರೆ ಮೇಲಿನರ್ಧಕ್ಕೆ ಕಪ್ಪು ಬಳೀತಿದ್ರು. ಎದುರಿಗೆ ಗಾಡಿ ಬಂದ್ರೆ ದೂರದಿಂದಲೇ ಡಿಪ್ಪು ಕೊಡೋದು. ಅವನೂ ಕೊಟ್ರೆ ಸರಿ. ಕೊಡದಿದ್ರೆ ನಮ್ಮಪ್ಪ ಒಂದ್ಸಲ ಪೂರ್ತಿ ಆರಿಸಿ ಮತ್ತೆ ಹಾಕ್ತಿದ್ರು, "ನನಗೆ ಕಾಣ್ತಿಲ್ಲ ಮಾರಾಯ" ಅಂತ ಹೇಳಿದ ಹಾಗೆ. ಲಾರಿ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆಸಿರೋದು ಸುಮ್ನೆ ಅಲಂಕಾರಕ್ಕಲ್ಲ.

ಎದುರು ಬೆಳಕು ಬಂದಾಗ ಅದನ್ನ ನೋಡ್ಬೇಡ, ರಸ್ತೆಯ ಎಡಗಡೆ ಬಿಳಿ ಗೆರೆ ನೋಡ್ಕೊಂಡು ಹೋಗು ಅಂತ ನನಗೆ ಕಲಿಸಿದ್ದೂ ಅವರೇ. ಈಗ ಅವರಿಗೆ 71. ಪೊರೆ ಆಪರೇಶನ್ ಆದ್ಮೇಲೆ "ಅಯ್ಯೋ, ಎಲ್ಲರ ಲೈಟೂ ರಿಪೇರಿ ಆಗಿದೆ" ಅಂದ್ರು. ವಯಸ್ಸಾದವರು ಮನೆಯಲ್ಲಿದ್ರೆ ಬಲ್ಬಿಗಿಂತ ಮೊದಲು ಕಣ್ಣು ತೋರಿಸಿ. ಕಾರಿನ ಮುಂದಿನ ಗಾಜನ್ನ ಒಳಗಡೆಯಿಂದಲೂ ಒರೆಸಿ, ಅಲ್ಲಿ ಎಣ್ಣೆ ಪಸೆ ಕೂತಿರುತ್ತೆ.

ಕಾನೂನು ಕಾಕಾ · ರಾತ್ರಿ 8:12

ಇನ್ನೊಂದು ವಿಷಯ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ಲೈಟುಗಳ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿ ಕೇಸು ಹಾಕಿದ್ರು, ನೆನಪಿದೆಯಾ? ಅದು ಹೊಸ ಕಾನೂನೇನಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಎದುರಿನವರ ಕಣ್ಣು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಅಂತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ. 100/90 ಬಲ್ಬೂ ಅದರಲ್ಲೇ ಬರುತ್ತೆ, ಗೊತ್ತಿರಲಿ.

ಗ್ಯಾರೇಜ್ ಗಿರಿ · ರಾತ್ರಿ 8:40

100/90 ಬಗ್ಗೆ ಹೇಳೋದು ಮರೆತಿದ್ದೆ. ಕಂಪನಿ ಬಲ್ಬು ಡಿಪ್ಪಲ್ಲಿ 55 ವ್ಯಾಟು, ಎರಡಕ್ಕೆ 110. ಇದು 180. ಒಂಬತ್ತು ಆಂಪ್ ಹೋಗೋ ವೈರಲ್ಲಿ ಹದಿನೈದು ಆಂಪ್. ರಿಲೇ ಇಲ್ಲದೆ ಹಾಕಿದ್ರೆ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಳ್ಳುತ್ತೆ. ತಿಂಗಳಿಗೆ ಒಂದಾದ್ರೂ ಹಂಗೆ ಬರುತ್ತೆ, ಸುಟ್ಟ ವಾಸನೆ ಬರ್ತಿದೆ ಅಂತ.

ಪ್ರೊಜೆಕ್ಟರ್ ಪುಟ್ಟಸ್ವಾಮಿ · ರಾತ್ರಿ 9:15

ನಿಮ್ಮ ಭಾವನ ಪರವಾಗಿ ನಾನು ವಾದಿಸ್ತೀನಿ. ಡೂಮು ಬೆಳಕನ್ನ ತಿರುಗಿಸಿ ಕಳಿಸುತ್ತೆ ಅಷ್ಟೇ. ಪ್ರೊಜೆಕ್ಟರಲ್ಲಿ ಬೆಳಕು ಮೊದಲು ಒಂದು ಬಿಂದುವಿಗೆ ಸೇರುತ್ತೆ, ಅಲ್ಲಿ ಒಂದು ತಗಡಿನ ಅಡ್ಡಪಟ್ಟಿ, ಮುಂದೆ ದಪ್ಪ ಉಬ್ಬು ಮಸೂರ. ಸಿನಿಮಾ ಪ್ರೊಜೆಕ್ಟರ್ ಥರ ತಲೆಕೆಳಗು ಚಿತ್ರ ಬೀಳುತ್ತೆ. ಕೆಳಗೆ ತಡೆದ ಬೆಳಕು ರಸ್ತೇಲಿ ಮೇಲಿನ ಗೆರೆ ಆಗುತ್ತೆ. ಚಾಕುವಿಂದ ಕೊಯ್ದ ಹಾಗೆ. ಅಪ್ಪರ್ ಹಾಕಿದ್ರೆ ಪಟ್ಟಿ ಕೆಳಗೆ ಬಾಗುತ್ತೆ, ಅಷ್ಟೇ. ನನ್ನ ಕಾರಿನ ಹೆಡ್‌ಲೈಟ್ ಬಿಚ್ಚಿಸಿ ಬೈ-ಎಲ್‌ಇಡಿ (ಡಿಪ್ಪು ಅಪ್ಪರ್ ಎರಡೂ ಕೊಡೋ) ಪ್ರೊಜೆಕ್ಟರ್ ಕೂರಿಸಿದ್ದೀನಿ. ನಿಜಕ್ಕೂ ಬದಲಾವಣೆ ಅಂದ್ರೆ ಅದು.

ಎರಡು ಎಚ್ಚರಿಕೆ. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಎಷ್ಟೋ ಪ್ರೊಜೆಕ್ಟರ್‌ಗಳು ಬಲಬದಿ ಸಂಚಾರದ ದೇಶಗಳಿಗೆ ಮಾಡಿದ್ದು. ಅದರ ಗೆರೆ ಬಲಕ್ಕೆ ಮೇಲೇಳುತ್ತೆ, ನಮ್ಮಲ್ಲಿ ಎದುರಿನವನ ಮುಖಕ್ಕೇ ಹೋಗುತ್ತೆ. ತಗೊಳ್ಳೋ ಮೊದಲು ಕೇಳಿ. ಎರಡನೇದು, ಲೈಟನ್ನ ಬಿಸಿ ಮಾಡಿ ಅಂಟು ಬಿಡಿಸಿ ಮತ್ತೆ ಅಂಟಿಸ್ತಾರಲ್ಲ, ಆ ಕೆಲಸ ಸರಿಯಾಗದಿದ್ರೆ ಮೊದಲ ಮಳೆಗೇ ಒಳಗೆ ಮೀನು ಸಾಕಬಹುದು. ನನ್ನದು ಎರಡು ಸಲ ಬಿಚ್ಚಿ ಅಂಟಿಸಿದ್ರು.

ಕಾನೂನು ಕಾಕಾ · ರಾತ್ರಿ 9:22

ಪುಟ್ಟಸ್ವಾಮಿಯವರೇ, ಅದೂ ಮಾರ್ಪಾಡೇ.

ಪ್ರೊಜೆಕ್ಟರ್ ಪುಟ್ಟಸ್ವಾಮಿ · ರಾತ್ರಿ 9:23

ಗೊತ್ತು ಕಾಕಾ. ಅದಕ್ಕೇ ಮೆಲ್ಲಗೆ ಹೇಳ್ತಿದ್ದೀನಿ.

ತೀರ್ಥಳ್ಳಿ ಪಯಣಿಗ · ಮುಂದಿನ ಭಾನುವಾರ, ಸಂಜೆ 5:30

ವರದಿ ಒಪ್ಪಿಸ್ತಿದ್ದೀನಿ. ಪಕ್ಕದ ಮನೆ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಸ್ಕೊಂಡೆ. ಎಂಜಿನ್ ಓಡ್ತಿರುವಾಗ ಬ್ಯಾಟರಿ 13.9. ಎಡ ಬಲ್ಬು 11.8, ಬಲ ಬಲ್ಬು 11.4! ಗಿರಿಯವರಿಗೆ ಕೈ ಮುಗಿದೆ. ಬಲಗಡೆ ಬಲ್ಬು ತೆಗೆದಾಗ ಇನ್ನೊಂದು ಮಜಾ. ಬಲ್ಬಿನ ಮೂರು ಕಿವಿಯಲ್ಲಿ ಒಂದು ಅದರ ಕಚ್ಚಿನಲ್ಲಿ ಕೂತೇ ಇರ್ಲಿಲ್ಲ, ಬಲ್ಬು ಸೊಟ್ಟಗೆ, ಕ್ಲಿಪ್ಪನ್ನ ಒತ್ತಿ ಸಿಕ್ಕಿಸಿದ್ರು. ಕೊನೇ ಸಲ ಸರ್ವೀಸ್ ಮಾಡಿದವರ ಕೈಚಳಕ. ವರ್ಷಾನುಗಟ್ಟಲೆ ಒಂದು ಕಣ್ಣು ಮರದ ತುದಿ ನೋಡ್ಕೊಂಡು ಬಂದಿದೆ.

ರಿಲೇ ಕಿಟ್ ಹಾಕ್ಸಿದೆ, ಅರ್ಥಿಂಗ್ ಉಜ್ಜಿ ಹೊಸ ಬೋಲ್ಟ್. ಈಗ ಎರಡೂ ಕಡೆ 13.5. ಮಾಮೂಲಿ 60/55 ಬಲ್ಬು ಹೊಸದು. ಕವರ್‌ಗೆ ಮೊದಲು ಟೂತ್‌ಪೇಸ್ಟ್ ಉಜ್ಜಿ ನೋಡಿದೆ (ಯೂಟ್ಯೂಬ್ ಕೃಪೆ), ಎರಡು ದಿನ ಹೊಳೀತು, ಮೂರನೇ ದಿನ ಮತ್ತೆ ಮಬ್ಬು.

ಗ್ಯಾರೇಜ್ ಗಿರಿ · ಸಂಜೆ 5:52

ಟೂತ್‌ಪೇಸ್ಟ್ ಹಲ್ಲಿಗೆ ಬಿಡಿ ಸರ್. ವಾಟರ್ ಪೇಪರ್ ತಗೊಳ್ಳಿ, 800, ಆಮೇಲೆ 1500, ಆಮೇಲೆ 2000. ನೀರು ಹಾಕ್ತಾ ಉಜ್ಜಿ, ಮೊದಲು ಇನ್ನೂ ಮಬ್ಬಾಗುತ್ತೆ, ಹೆದರಬೇಡಿ. ಕಾಂಪೌಂಡ್ ಹಾಕಿ ಪಾಲಿಶ್. ಕೊನೆಗೆ ಬಿಸಿಲು ತಡೆಯೋ ಕ್ಲಿಯರ್ ಕೋಟ್ ಹೊಡೆಸಲೇಬೇಕು, ಅದಿಲ್ಲದಿದ್ರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಆಮೇಲೆ ಫೋಕಸ್. ಸಮನಾದ ಜಾಗ, ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ. ಟೈರಿಗೆ ಗಾಳಿ ಸರಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ, ಲೈಟ್ ಮೇಲೆ ಕೆಳಗೆ ಮಾಡೋ ಚಕ್ರ ಸೊನ್ನೇಲಿರಲಿ. ಬಲ್ಬಿನ ಮಧ್ಯದ ಎತ್ತರ ಗೋಡೆ ಮೇಲೆ ಗುರುತು ಮಾಡಿ. ಡಿಪ್ಪಿನ ಗೆರೆ ಅದಕ್ಕಿಂತ ಐದು ಸೆಂ.ಮೀ., ಅಂದ್ರೆ ಶೇ. 1 ಕೆಳಗೆ ಬರ್ಬೇಕು. ನಿಮ್ಮ ಲೈಟಿನ ಮೇಲೆ ಬೇರೆ ಶೇಕಡಾ ಅಚ್ಚಾಗಿದ್ರೆ ಅದರ ಪ್ರಕಾರ ಹೋಗಿ. ಊರಿಗೆ ಹೋಗುವಾಗ ಹಿಂದೆ ಜನ, ಲಗೇಜು ಇದ್ರೆ ಆ ಚಕ್ರನ ಎರಡಕ್ಕೋ ಮೂರಕ್ಕೋ ತಿರುಗಿಸಿ. ಎಷ್ಟೋ ಜನಕ್ಕೆ ಆ ಚಕ್ರ ಯಾಕಿದೆ ಅಂತಲೇ ಗೊತ್ತಿಲ್ಲ.

ಲೆಕ್ಕದ ಲಲಿತಾ · ಸಂಜೆ 6:01

11.4ರಿಂದ 13.5. ಮೇಷ್ಟ್ರ ಸೂತ್ರದಲ್ಲಿ ಬಲ ಲೈಟಿಗೆ ಸುಮಾರು ಶೇ. 78 ಹೆಚ್ಚು ಬೆಳಕು, ಅದೂ ಅದೇ 60/55 ಬಲ್ಬಲ್ಲಿ. ಒಟ್ಟು ಖರ್ಚು ಎಷ್ಟಾಯ್ತು?

ತೀರ್ಥಳ್ಳಿ ಪಯಣಿಗ · ಸಂಜೆ 6:10

ಕಿಟ್ಟು, ಬಲ್ಬು, ಕೂಲಿ ಎಲ್ಲ ಸೇರಿ ಎರಡು ಸಾವಿರದ ಒಳಗೆ. ಎಲ್‌ಇಡಿಯವನು ನಾಲ್ಕೂವರೆ ಹೇಳಿದ್ದ. ಮುಂದಿನ ಶುಕ್ರವಾರ ಊರು, ಆಗ ಗೊತ್ತಾಗುತ್ತೆ. ಈ ಸಲ ಅರವತ್ತು ದಾಟಬಾರದು ಅಂತ ಪಕ್ಕದ ಸೀಟಿನ ಆಜ್ಞೆ.

ಕುಡ್ಲ ಎಕ್ಸ್‌ಪ್ರೆಸ್ · ಸಂಜೆ 6:14

ಎಮ್ಮೆಗೆ ನಮ್ಮ ನಮಸ್ಕಾರ ಹೇಳಿ.

ಬೆಳ್ಳಿ ಬೆಳಕು · ರಾತ್ರಿ 9:47

ಯಾರೂ ನಗಬಾರದು. ಗಿರಿಯವರು ಹೇಳಿದ ಹಾಗೆ ನನ್ನ ಕಾರನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಗೋಡೆ ಎದುರು ನಿಲ್ಲಿಸಿ ನೋಡಿದೆ. ಗೆರೆ ಹುಡುಕಿದೆ, ಗೆರೆಯೇ ಇಲ್ಲ. ಗೋಡೆ ಪೂರ್ತಿ ಬೆಳಕು, ತಾರಸಿವರೆಗೂ. ಎಡಗಡೆ ಎಲ್‌ಇಡಿಯನ್ನ ತಣ್ಣಗಿಡೋ ಫ್ಯಾನ್ ತಿರುಗ್ತಾನೂ ಇಲ್ಲ. ಸ್ಕ್ರೂ ಎಲ್ಲಿರುತ್ತೆ ಗಿರಿ ಅವ್ರೇ, ಸ್ವಲ್ಪ ಕೆಳಗಿಳಿಸ್ತೀನಿ.

ಗ್ಯಾರೇಜ್ ಗಿರಿ · ರಾತ್ರಿ 9:55

ಡೂಮಿನ ಹಿಂದೆ, ಬಾನೆಟ್ ಎತ್ತಿದ್ರೆ ಮೇಲೇ ಕಾಣುತ್ತೆ. ಆದ್ರೆ ಗೆರೆ ಇಲ್ಲದ ಬೆಳಕನ್ನ ಇಳಿಸಿದ್ರೆ ನಿಮಗೂ ಕಾಣಲ್ಲ, ಎದುರಿನವನಿಗೂ ತಪ್ಪಲ್ಲ. ಫ್ಯಾನ್ ನಿಂತಿದ್ರೆ ಹೆಂಗೂ ಅದು ಹೋಗುತ್ತೆ. ಹಳೇ ಬಲ್ಬು ಹಾಕ್ಬಿಡಿ.

ಮಂಡ್ಯದ ಗೌಡ · ರಾತ್ರಿ 9:58

ತಗುದ್ ಹಾಕಣ್ಣ. ಮದ್ದೂರ್ ಕಡೆ ಬಂದ್ರೆ ಯೋಳು, ವಡೆ ಕಾಪಿ ನಂದು.

ಬೆಳ್ಳಿ ಬೆಳಕು · ರಾತ್ರಿ 10:20

ಹಳೇ ಬಲ್ಬು ಎಲ್ಲಿಟ್ಟಿದ್ದೀನೋ ಹುಡುಕ್ತಿದ್ದೀನಿ. ಡಿಕ್ಕಿ ಪೂರ್ತಿ ಕತ್ತಲೆ, ಒಳಗಿನ ಲೈಟು ಹೋಗಿದೆ.